ಮಂಡಿ ಆಪರೇಶನ್ ಆಗಿ ಮನೆಗೆ ಬಂದ್ಮೇಲೆ ಓಡಾಡೋದು ಹೆಂಗೆ: ಬಾತ್‌ರೂಮು, ಮಂಚ, ಮೆಟ್ಟಿಲು, ನೆಂಟರು

ನೀ ರಿಪ್ಲೇಸ್‌ಮೆಂಟ್, ಅಂದ್ರೆ ಸವೆದ ಮಂಡಿ ಕೀಲು ತೆಗೆದು ಕೃತಕ ಕೀಲು ಹಾಕೋ ಆಪರೇಶನ್, ಮಾಡಿಸ್ಕೊಂಡೋರು ಈಗ ಬೀದಿಗೊಬ್ರು ಸಿಕ್ತಾರೆ, ಆದ್ರೆ ಅವರನ್ನ ಮಾತಾಡ್ಸಿದ್ರೆ ಎಲ್ರೂ ಹೇಳೋದು ಆಪರೇಶನ್ ಬಗ್ಗೆನೇ, ಯಾವ ಡಾಕ್ಟ್ರು, ಎಷ್ಟು ಖರ್ಚಾಯ್ತು, ಯಾವ ಕಂಪ್ನಿದು ಹಾಕಿದ್ರು ಅಂತ. ಮೂರ್ನಾಲ್ಕು ದಿನಕ್ಕೆ ಡಿಸ್ಚಾರ್ಜ್ ಮಾಡಿ ಮನೆಗೆ ಕಳಿಸಿದ್ಮೇಲೆ ಟಾಯ್ಲೆಟ್‌ಗೆ ಹೆಂಗೆ ಹೋಗ್ಬೇಕು, ರಾತ್ರಿ ಮಗ್ಗುಲು ಹೆಂಗೆ ಬದಲಾಯಿಸ್ಬೇಕು, ಒಂದು ಲೋಟ ಕಾಫಿನ ಅಡುಗೆಮನೆಯಿಂದ ಹಾಲ್‌ಗೆ ಹೆಂಗೆ ತರ್ಬೇಕು ಇದನ್ನ ಮಾತ್ರ ಯಾರೂ ಬಿಡಿಸಿ ಹೇಳಲ್ಲ. ನಮ್ಮಮ್ಮಂಗೆ ಮಾಡಿಸ್ದಾಗ ನೋಡಿ ಕಲ್ತಿದ್ದು, ಮನೆಗೆ ಬಂದು ವ್ಯಾಯಾಮ ಮಾಡಿಸ್ತಿದ್ದ ಫಿಸಿಯೋ (ಫಿಸಿಯೋಥೆರಪಿಸ್ಟ್) ಹೇಳ್ಕೊಟ್ಟಿದ್ದು ಎಲ್ಲಾ ಸೇರಿಸಿ ಬರೀತಿದೀನಿ. ಸೊಂಟದ ಮೂಳೆ ಮುರಿದು ಆಪರೇಶನ್ ಆದೋರಿಗೂ ಮನೆ ರೆಡಿ ಮಾಡೋ ವಿಷ್ಯ ಅಷ್ಟೂ ಉಪಯೋಗಕ್ಕೆ ಬರತ್ತೆ, ಆದ್ರೆ ಕೂರೋದು ಬಗ್ಗೋದ್ರಲ್ಲಿ ಅವರಿಗೆ ಬೇರೆ ಕಟ್ಟುಪಾಡು ಇರತ್ತೆ, ಅದನ್ನ ಅವರ ಡಾಕ್ಟ್ರನ್ನೇ ಕೇಳ್ಬೇಕು.

ಮೊದ್ಲೇ ಒಂದ್ಮಾತು ಹೇಳ್ಬಿಡ್ತೀನಿ. ನಮ್ ಕಡೆ ಆಪರೇಶನ್ ಆಗಿದೆ ಅಂದ್ರೆ ರೆಸ್ಟ್ ತಗೋಬೇಕು, ಎದ್ದೇಳ್ಬಾರ್ದು, ಎಲ್ಲಾ ಕೈಗೇ ತಂದ್ಕೊಡ್ಬೇಕು ಅನ್ನೋದೇ ಪ್ರೀತಿ. ಮಂಡಿ ವಿಷ್ಯದಲ್ಲಿ ಇದು ಪೂರ್ತಿ ಉಲ್ಟಾ. ಆಪರೇಶನ್ ಆದ ದಿನವೇ ಇಲ್ಲಾ ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸ್ತಾರೆ, ಯಾಕಂದ್ರೆ ಮಲಗೇ ಇದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಭಯ, ಮಂಡಿ ಬಿಗಿದುಕೊಳ್ಳೋ ಭಯ, ಎದೇಲಿ ಕಫ ಕಟ್ಟೋ ಭಯ ಎಲ್ಲಾ ಇದೆ. ಹಂಗಾಗಿ ಕಾಲಿಗೆ ಕೆಲ್ಸ ಕೊಡ್ಬೇಕು, ಆ ಕಾಲಿಗೆ ಅಡ್ಡ ಬರೋದನ್ನೆಲ್ಲ ಮನೆಯಿಂದ ತೆಗೀಬೇಕು. ನಾವು ಮಾಡೋದು ಇದರ ತಿರುಗಾಮುರುಗಾ, ಅಮ್ಮನ್ನ ಮಂಚದಿಂದ ಇಳಿಯೋಕೆ ಬಿಡಲ್ಲ ಆದ್ರೆ ಬಾತ್‌ರೂಮ್ ಬಾಗ್ಲಲ್ಲಿ ಜಾರೋ ಮ್ಯಾಟ್ ಹಂಗೇ ಬಿದ್ದಿರತ್ತೆ.

ಟೇಪ್ ಹಿಡ್ಕೊಂಡು ಮನೆ ಸುತ್ತಿ, ಆಪರೇಶನ್‌ಗೆ ಮುಂಚೆನೇ

ಸರ್ಜಿಕಲ್ ಅಂಗಡೀಲಿ ಸಿಗೋ ಮಾಮೂಲಿ ವಾಕರ್ ಕೆಳಗಡೆ ಕಾಲುಗಳ ಅಗಲ ಸುಮಾರು 22 ರಿಂದ 25 ಇಂಚು ಇರತ್ತೆ. ನಮ್ಮ ಮನೆಗಳ ಬಾತ್‌ರೂಮ್ ಬಾಗ್ಲು ಎಷ್ಟಿದೆ ಅಂತ ಯಾರಾದ್ರೂ ಅಳೆದು ನೋಡಿದೀರಾ? ಹೊಸ ಮನೆಗಳಲ್ಲಿ ಎರಡೂವರೆ ಅಡಿ ಇದ್ರೆ ಪುಣ್ಯ, ಹಳೇ ಮನೆಗಳಲ್ಲಿ 2 ಅಡಿ, ಅದ್ರಲ್ಲೂ ಬಾಗ್ಲು ಪೂರ್ತಿ ತೆಗೆಯೋಕೆ ಹಿಂದ್ಗಡೆ ಬಕೆಟ್ಟೋ ವಾಶಿಂಗ್ ಮೆಶಿನ್ನೋ ಅಡ್ಡ. ಡಿಸ್ಚಾರ್ಜ್ ಆಗಿ ಮನೆಗೆ ಬಂದು, ಅರ್ಜೆಂಟ್ ಆಗಿದೆ ಅನ್ನೋವಾಗ ಬಾಗ್ಲಲ್ಲಿ ವಾಕರ್ ಸಿಕ್ಕಾಕ್ಕೊಂಡು ನಿಲ್ಲೋ ಫಜೀತಿ ಬೇಡ ಅಂದ್ರೆ ಮೊದ್ಲೇ ಅಳತೆ ತಗೊಂಡು ಹೋಗಿ ವಾಕರ್ ತಗೊಳ್ಳಿ. ಬಾಗ್ಲು ಸಣ್ಣದೇ ಆಗಿದ್ರೆ ವಾಕರ್‌ನ ಅಡ್ಡಡ್ಡ ತಿರುಗಿಸ್ಕೊಂಡು ಪಕ್ಕಕ್ಕೆ ಒಂದೊಂದೇ ಹೆಜ್ಜೆ ಇಟ್ಟು ಹೋಗೋ ವಿಧಾನ ಇದೆ, ಅದನ್ನ ಆಸ್ಪತ್ರೇಲಿ ಇರೋವಾಗ್ಲೇ ಫಿಸಿಯೋ ಹತ್ರ ಪ್ರಾಕ್ಟೀಸ್ ಮಾಡಿಸ್ಕೊಳ್ಳಿ.

ಚಕ್ರ ಇರೋದು ಬೇಕಾ ಇಲ್ದೇ ಇರೋದಾ ಅಂತ ಅಂಗಡಿಯೋರನ್ನ ಕೇಳಿದ್ರೆ ಜಾಸ್ತಿ ರೇಟಿಂದು ತೋರಿಸ್ತಾರೆ. ವಯಸ್ಸಾದೋರಿಗೆ, ಅದೂ ಟೈಲ್ಸ್ ನೆಲದಲ್ಲಿ, ನಾಲ್ಕೂ ಕಾಲಿಗೆ ರಬ್ಬರ್ ಬುಷ್ ಇರೋ, ಮಡಚಿಡೋಕೆ ಬರೋ ಸಾದಾ ಅಲ್ಯೂಮಿನಿಯಂ ವಾಕರ್ರೇ ಮೊದಲ ವಾರಗಳಿಗೆ ಸಾಕು ಅಂತ ನನ್ನ ಅಭಿಪ್ರಾಯ, ಬೇಕಾದ್ರೆ ನಿಮ್ಮ ಫಿಸಿಯೋನೂ ಕೇಳಿ. ಎತ್ತರ ಸರಿಮಾಡೋದು ಮಾತ್ರ ಮರೀಬೇಡಿ. ನೆಟ್ಟಗೆ ನಿಂತು ಕೈ ಇಳಿಬಿಟ್ರೆ ಮಣಿಕಟ್ಟಿನ ಗೆರೆ ಎಲ್ಲಿಗೆ ಬರತ್ತೋ ಹಿಡಿಕೆ ಅಲ್ಲಿಗಿರ್ಬೇಕು, ಹಿಡ್ಕೊಂಡಾಗ ಮೊಣಕೈ ಸ್ವಲ್ಪ ಮಡಚಿರ್ಬೇಕು. ಪಕ್ಕದ ಮನೆಯೋರ ವಾಕರ್ ಎರವಲು ತಂದ್ರೆ ಅದು ಅವರ ಎತ್ತರಕ್ಕೇ ಸೆಟ್ ಆಗಿರತ್ತೆ, ಬಟನ್ ಒತ್ತಿ ನಾಲ್ಕೂ ಕಾಲು ಒಂದೇ ತೂತಿಗೆ ಕೂತಿದ್ಯಾ ನೋಡಿ, ಬುಷ್ ಸವೆದಿದ್ರೆ ಹೊಸದು ಹಾಕಿ, ಅದೇನು ದೊಡ್ಡ ಖರ್ಚಲ್ಲ.

ಆಮೇಲೆ ನೆಲ. ಮಂಚದಿಂದ ಬಾತ್‌ರೂಮ್‌ವರೆಗೆ ಇರೋ ಎಲ್ಲಾ ಮ್ಯಾಟೂ ಎತ್ತಿಡಿ, ಹಳೇ ಸೀರೇಲಿ ಹೊಲಿದ ಕಾಲೊರೆಸೋದು ಸೇರಿ. ಚಾರ್ಜರ್ ವೈರು, ಎಕ್ಸ್‌ಟೆನ್ಶನ್ ಬೋರ್ಡು ಗೋಡೆ ಪಕ್ಕಕ್ಕೆ. ನೆಲ ಒರೆಸಿದ ಮೇಲೆ ಫ್ಯಾನ್ ಹಾಕಿ ಪೂರ್ತಿ ಒಣಗೋವರೆಗೂ ಇವರು ಮಂಚ ಬಿಟ್ಟು ಇಳಿಯೋ ಹಂಗಿಲ್ಲ, ಕೆಲ್ಸದೋರಿಗೂ ಹೇಳಿಡಿ. ಹೊಸ್ತಿಲು ನಮ್ಮ ಮನೆಗಳಲ್ಲಿ ಎರಡು ಮೂರು ಇಂಚು ಎತ್ತರ ಇರತ್ತೆ, ಅದನ್ನ ತೆಗೆಯೋಕಂತೂ ಆಗಲ್ಲ, ಅದಕ್ಕೆ ಬಣ್ಣದ ಟೇಪ್ ಅಂಟಿಸಿ, ದಾಟೋವಾಗ ಮೊದ್ಲು ವಾಕರ್ ಆಚೆಗೆ ಇಟ್ಟು, ಆಪರೇಶನ್ ಆದ ಕಾಲು ದಾಟಿಸಿ, ಆಮೇಲೆ ಇನ್ನೊಂದು ಕಾಲು. ಹೊಸ್ತಿಲ ಮೇಲೆ ವಾಕರ್ ಕಾಲು ಇಡೋದು ಬೇಡ, ತುಳೀಬಾರ್ದು ಅನ್ನೋ ಶಾಸ್ತ್ರ ಇಲ್ಲಿ ಸರಿಯಾಗೇ ಕೆಲ್ಸಕ್ಕೆ ಬರತ್ತೆ.

ಚಪ್ಲಿ ವಿಷ್ಯ: ಹವಾಯಿ ಚಪ್ಲಿ ಬೇಡ್ವೇ ಬೇಡ, ಹಿಮ್ಮಡಿ ಹಿಂದೆ ಪಟ್ಟಿ ಇರೋ ಸ್ಯಾಂಡಲ್ ತಗೊಳ್ಳಿ, ಅದೂ ಒಂದು ಸೈಜು ದೊಡ್ಡದು, ಯಾಕಂದ್ರೆ ಪಾದ ಊದಿರತ್ತೆ. ಸೀರೆ ಉಡೋರು ಕೆಲವು ವಾರ ನೈಟೀಲೇ ಇರ್ಲಿ, ಅದೂ ನೆಲ ಗುಡಿಸೋ ಅಷ್ಟು ಉದ್ದ ಇದ್ರೆ ಅಂಚು ಎತ್ತಿ ಹೊಲಿದ್ಬಿಡಿ. ಗಂಡಸರಿಗೆ ಪಂಚೆ ಲುಂಗಿ ವಾಕರ್ ಜೊತೆ ಸರಿಬರಲ್ಲ, ಬಿಚ್ಚಿದ್ರೆ ಹಿಡ್ಕೊಳ್ಳೋಕೆ ಕೈ ಖಾಲಿ ಇರಲ್ಲ. ಸಡಿಲವಾದ ಚಡ್ಡಿ ಒಳ್ಳೇದು, ಹಾಕೋವಾಗ ಆಪರೇಶನ್ ಆದ ಕಾಲು ಮೊದ್ಲು, ತೆಗೆಯೋವಾಗ ಅದು ಕೊನೆಗೆ.

ಟಾಯ್ಲೆಟ್, ಸ್ನಾನ

ನಿಜವಾದ ಕಷ್ಟ ಇರೋದು ಇಲ್ಲೇ, ಮತ್ತೆ ಎಲ್ರೂ ಮುಜುಗರಕ್ಕೆ ಮಾತಾಡ್ದೇ ಬಿಡೋದೂ ಇದನ್ನೇ. ಕುಕ್ಕರಗಾಲಲ್ಲಿ ಕೂರೋದು ಇನ್ನು ಆಗಲ್ಲ. ಮನೇಲಿ ವೆಸ್ಟರ್ನ್ ಕಮೋಡ್ ಇದ್ರೂ ಅದು ತಗ್ಗಾಗಿರತ್ತೆ, ಹೊಸದಾಗಿ ಆಪರೇಶನ್ ಆದ ಮಂಡೀಲಿ ಅಷ್ಟು ಕೆಳಗೆ ಕೂತು ಏಳೋಕೆ ಪ್ರಾಣ ಹೋಗತ್ತೆ, ಅದಕ್ಕೆ ಮೇಲೆ ಕೂರಿಸೋ ಎತ್ತರದ ಪ್ಲಾಸ್ಟಿಕ್ ಸೀಟು ಸರ್ಜಿಕಲ್ ಅಂಗಡೀಲಿ ಸಿಗತ್ತೆ, ಪಕ್ಕದಲ್ಲಿ ಹಿಡಿಕೆ ಇರೋದು ಸಿಕ್ಕಿದ್ರೆ ಇನ್ನೂ ಒಳ್ಳೇದು, ಕ್ಲಾಂಪ್ ಬಿಗಿಯಾಗಿ ಕೂತಿದ್ಯಾ ಅಂತ ನೀವೊಂದ್ಸಲ ಕೂತು ಅಲ್ಲಾಡಿಸಿ ನೋಡಿ.

ಮನೇಲಿರೋದು ಇಂಡಿಯನ್ ಮಾತ್ರ ಅನ್ನೋರು ಕಮೋಡ್ ಚೇರ್ ತಗೊಳ್ಳಿ, ಬಾಡಿಗೆಗೂ ಸಿಗತ್ತೆ. ಇದನ್ನ ಎರಡು ಥರ ಬಳಸ್ಬೋದು. ರಾತ್ರಿ ಹೊತ್ತು ಮಂಚದ ಪಕ್ಕದಲ್ಲೇ ಇಟ್ಕೊಂಡು ಕೆಳಗಿನ ಪಾತ್ರೆ ಜೊತೆ ಬಳಸೋದು ಒಂದು. ಹಗಲಲ್ಲಿ ಪಾತ್ರೆ ತೆಗೆದು ಇಂಡಿಯನ್ ಟಾಯ್ಲೆಟ್ ಮೇಲೇ ನೇರ ಇಟ್ಬಿಡೋದು ಇನ್ನೊಂದು, ಆಗ ಕ್ಲೀನ್ ಮಾಡೋ ತಲೆನೋವೂ ಇಲ್ಲ, ಅಮ್ಮಂಗೆ ಬೇರೆಯೋರು ತೊಳೀಬೇಕಲ್ಲ ಅನ್ನೋ ಸಂಕೋಚವೂ ಇಲ್ಲ. ಆದ್ರೆ ನಾಲ್ಕೂ ಕಾಲು ಸಮ ನೆಲದ ಮೇಲೆ ಕೂರ್ಬೇಕು. ಹಳೇ ಮನೆಗಳಲ್ಲಿ ಟಾಯ್ಲೆಟ್ಟೇ ಒಂದು ಮೆಟ್ಟಿಲು ಎತ್ತರದ ಕಟ್ಟೆ ಮೇಲಿರತ್ತೆ, ಅಂತಲ್ಲಿ ಒಂದು ಕಾಲು ಕಟ್ಟೆ ಅಂಚಿಗೆ ಬಂದ್ರೆ ಕುರ್ಚಿ ಸಮೇತ ಮಗುಚ್ಕೊಳ್ಳತ್ತೆ, ಅಂಥ ಜಾಗದಲ್ಲಿ ಈ ಸಾಹಸ ಬೇಡ, ರೂಮಲ್ಲೇ ಒಂದು ಮೂಲೆಗೆ ಪರದೆ ಕಟ್ಟಿ ಇಡಿ.

ಗೋಡೆಗೆ ಹಿಡ್ಕೊಳ್ಳೋ ಹ್ಯಾಂಡಲ್ ಹಾಕಿಸೋದಾದ್ರೆ ಗೋಡೆಗೆ ಡ್ರಿಲ್ ಮಾಡಿ ಬೋಲ್ಟ್ ಹಾಕೋದೇ ಆಗ್ಬೇಕು. ಟವೆಲ್ ಹಾಕೋ ರಾಡ್ ಹಿಡಿಕೆ ಅಲ್ಲ, ನಲ್ಲಿ ಹಿಡಿಕೆ ಅಲ್ಲ, ವಾಶ್ ಬೇಸಿನ್ ಅಂತೂ ಅಲ್ವೇ ಅಲ್ಲ, ಇವೆಲ್ಲ ಒಬ್ಬರ ಭಾರ ತಡೆಯೋಕೆ ಮಾಡಿರೋದಲ್ಲ, ಕಿತ್ಕೊಂಡು ಬಂದ್ರೆ ಮನುಷ್ಯರೂ ಅದರ ಜೊತೆ ಬರ್ತಾರೆ. ವ್ಯಾಕ್ಯೂಮ್ ಕಪ್‌ನಲ್ಲಿ ಟೈಲ್ಸ್‌ಗೆ ಅಂಟಿಸೋ ಹ್ಯಾಂಡಲ್ ಆನ್‌ಲೈನಲ್ಲಿ ಸಿಗತ್ತಲ್ಲ, ಅದ್ರ ಮೇಲೆ ನಂಗೆ ನಂಬಿಕೆ ಇಲ್ಲ. ಬಾಗ್ಲಿಗೆ ಒಳಗಿಂದ ಚಿಲಕ ಹಾಕ್ಬಾರ್ದು ಅಂತ ಮೊದ್ಲೇ ಒಪ್ಸಿ, ಇದಕ್ಕೆ ವಯಸ್ಸಾದ ಗಂಡಸರು ಜಗಳಕ್ಕೇ ಬರ್ತಾರೆ. ಹೊರಗಡೆ ಹಿಡಿಕೆಗೆ ಒಂದು ಕೆಂಪು ಬಟ್ಟೆ ಕಟ್ಟಿದ್ರೆ ಒಳಗೆ ಇದಾರೆ ಅಂತ ಅರ್ಥ, ಅಷ್ಟು ಸಾಕು.

ಸ್ನಾನ ಹೊಲಿಗೆನೋ ಪಿನ್ನೋ ಬಿಚ್ಚೋವರೆಗೆ, ಅಂದ್ರೆ ಸುಮಾರು ಎರಡು ವಾರ, ಹೆಂಗೆ ಮಾಡ್ಬೇಕು ಅನ್ನೋದು ಹಾಕಿರೋ ಡ್ರೆಸ್ಸಿಂಗ್ ಮೇಲಿರತ್ತೆ. ನೀರು ಹೋಗದ ಡ್ರೆಸ್ಸಿಂಗ್ ಆದ್ರೆ ಕೆಲವು ಡಾಕ್ಟ್ರು ಸ್ನಾನಕ್ಕೆ ಬಿಡ್ತಾರೆ, ಇಲ್ದಿದ್ರೆ ಮೈ ಒರೆಸ್ಕೊಳ್ಳೋದೇ. ಬಿಟ್ಟಾಗ್ಲೂ ನಿಂತು ಸ್ನಾನ ಬೇಡ, ಮಣೆ ಮೇಲೆ ಕೂತೂ ಬೇಡ. ಕೈ ಇರೋ ಗಟ್ಟಿ ಕುರ್ಚಿ ಹಾಕಿ, ಬಕೆಟ್‌ನ ಇನ್ನೊಂದು ಸ್ಟೂಲ್ ಮೇಲಿಡಿ, ಆಗ ಮಗ್ಗಲ್ಲಿ ನೀರು ತಗೊಳ್ಳೋಕೆ ಬಗ್ಗೋ ಹಂಗಿರಲ್ಲ. ಬಚ್ಚಲ ನೆಲ ಸಾಮಾನ್ಯವಾಗಿ ಒಂದೆರಡು ಇಂಚು ತಗ್ಗಿರತ್ತೆ, ಸೋಪಿನ ನೀರು ಇರೋವಾಗ ಆ ಇಳಿಜಾರೇ ಅಪಾಯ, ಅದಕ್ಕೆ ಸ್ನಾನ ಆದ್ಮೇಲೆ ಕೂತಲ್ಲೇ ಮೈ ಕಾಲು ಪಾದ ಎಲ್ಲಾ ಒರೆಸ್ಕೊಂಡು, ನೆಲಕ್ಕೆ ವೈಪರ್ ಹೊಡೆದ ಮೇಲೇ ಏಳೋದು. ಎಣ್ಣೆ ಸ್ನಾನ ಸದ್ಯಕ್ಕೆ ಮರ್ತುಬಿಡಿ.

ಮಂಚ, ಕುರ್ಚಿ, ಏಳೋದು

ನೆಲದ ಮೇಲೆ ಹಾಸಿಗೆ ಹಾಸ್ಕೊಂಡು ಮಲಗೋ ಅಭ್ಯಾಸ ಇದ್ರೆ ಅದು ಬಿಡ್ಬೇಕು. ತಗ್ಗಿನ ದಿವಾನ್ ಕೂಡ ಸರಿಹೋಗಲ್ಲ, ಮೇಲೊಂದು ಗಟ್ಟಿ ಹಾಸಿಗೆ ಜಾಸ್ತಿ ಹಾಕಿ ಎತ್ತರ ಮಾಡಿ. ಮಂಚದ ಅಂಚಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗ್ಬೇಕು, ಸೊಂಟ ಮಂಡಿಗಿಂತ ಒಂಚೂರು ಮೇಲಿರ್ಬೇಕು, ಅದೇ ಅಳತೆ. ಕುರ್ಚಿಗೂ ಅಷ್ಟೇ, 18 ಇಂಚಿನ ಆಸುಪಾಸು ಎತ್ತರ, ಎರಡೂ ಕಡೆ ಕೈ ಇರ್ಲೇಬೇಕು. ಮನೇಲಿರೋ ಪ್ಲಾಸ್ಟಿಕ್ ಚೇರ್‌ನ ಒಂದರ ಮೇಲೊಂದು ಹಾಕಿದ್ರೆ ಎತ್ತರನೂ ಬರತ್ತೆ ಗಟ್ಟಿನೂ ಆಗತ್ತೆ. ಸೋಫಾ ಮೆತ್ತಗೆ ಒಳಗೆ ಎಳ್ಕೊಳ್ಳತ್ತೆ, ಕೂರೋದು ಸುಖ, ಏಳೋವಾಗ ಇಬ್ರು ಬೇಕು.

ಕುರ್ಚಿಯಿಂದ ಏಳೋದಕ್ಕೆ ಒಂದು ಕ್ರಮ ಇದೆ. ಮೊದ್ಲು ಕುಂಡೆ ಮುಂದಕ್ಕೆ ಜರುಗಿಸ್ಕೊಂಡು ಕುರ್ಚಿ ಅಂಚಿಗೆ ಬನ್ನಿ, ಆಪರೇಶನ್ ಆದ ಕಾಲು ಸ್ವಲ್ಪ ಮುಂದೆ ಚಾಚಿ, ಚೆನ್ನಾಗಿರೋ ಕಾಲು ಹತ್ರ ಇಟ್ಕೊಂಡು, ಎರಡೂ ಕೈ ಕುರ್ಚಿ ಕೈ ಮೇಲೆ ಊರಿ ಎದ್ದು ನಿಂತ ಮೇಲೆ ವಾಕರ್ ಹಿಡ್ಕೊಳ್ಳೋದು. ವಾಕರ್ ಹಿಡ್ಕೊಂಡು ಅದನ್ನ ಎಳೆದು ಎದ್ದೇಳೋಕೆ ಹೋದ್ರೆ ವಾಕರ್ ಮೈಮೇಲೆ ಬರತ್ತೆ. ಏಳಿಸೋರಿಗೂ ಹೇಳ್ಬೇಕು, ಕಂಕುಳಿಗೆ ಕೈ ಹಾಕಿ, ಕೈ ಹಿಡಿದು ಎಳೆಯೋದು ಬೇಡ, ಅವರ ಭುಜ ನಿಮ್ಮ ಬೆನ್ನು ಎರಡೂ ಹೋಗತ್ತೆ, ಪಕ್ಕದಲ್ಲಿ ಸ್ವಲ್ಪ ಹಿಂದೆ ನಿಂತು ಸೊಂಟದ ಹತ್ರ ಕೈ ಇಟ್ಟಿರಿ ಸಾಕು.

ಮಂಚದಿಂದ ಇಳಿಯೋವಾಗ ಕಾಲು ಎತ್ತೋಕೆ ಆಗ್ದೇ ಇದ್ರೆ ಹಳೇ ಟವೆಲ್ಲೋ ದುಪಟ್ಟಾನೋ ಪಾದಕ್ಕೆ ಕುಣಿಕೆ ಥರ ಹಾಕ್ಕೊಂಡು ಕೈಯಲ್ಲಿ ಎತ್ತಿ ಆಚೆ ಇಡ್ಬೋದು. ನಮ್ಮಮ್ಮ ಇದನ್ನ ಕಲ್ತ ದಿನದಿಂದ ರಾತ್ರಿ ನನ್ನ ಎಬ್ಬಿಸೋದು ಬಿಟ್ರು, "ನೀ ಮಲಕ್ಕೊಳೇ, ನನ್ ಕಾಲು ನಾನೇ ಎತ್ತಿಡ್ತೀನಿ" ಅಂತ. ಕೂತ ತಕ್ಷಣ ನಿಲ್ಬೇಡಿ, ಒಂದೆರಡು ನಿಮಿಷ ಅಂಚಲ್ಲೇ ಕೂತು ಪಾದ ಮೇಲೆ ಕೆಳಗೆ ಆಡಿಸಿ, ನೋವಿನ ಮಾತ್ರೆಗೋ ಬಿಪಿ ಮಾತ್ರೆಗೋ ತಲೆ ಸುತ್ತೋ ಚಾನ್ಸ್ ಜಾಸ್ತಿ. ಮಗ್ಗುಲಾಗಿ ಮಲಗೋಕೆ ಡಾಕ್ಟ್ರು ಓಕೆ ಅಂದ್ರೆ ಎರಡು ಕಾಲಿನ ಮಧ್ಯೆ ದಿಂಬು ಇಟ್ಕೊಳ್ಳಿ.

ದಿಂಬು ಅಂದ ತಕ್ಷಣ ನೆನಪಾಯ್ತು, ಮಂಡಿ ಕೆಳಗೆ ದಿಂಬು ಇಡೋದನ್ನ ಪ್ರತಿ ಮನೇಲೂ ನೋಡ್ತೀನಿ. ಹಾಯಾಗಿರತ್ತೆ, ನಿಜ, ಆದ್ರೆ ಮಂಡಿ ಮಡಚಿದ ಸ್ಥಿತೀಲೇ ಬಿಗಿದುಕೊಂಡು ಆಮೇಲೆ ಕಾಲು ಪೂರ್ತಿ ನೆಟ್ಟಗೆ ಆಗದೇ ಹೋಗ್ಬೋದು, ನಡಿಗೆ ಕುಂಟಾಗಿ ಉಳ್ಕೊಬೋದು. ದಿಂಬು ಹಿಮ್ಮಡಿ ಕೆಳಗೆ ಬರ್ಬೇಕು, ಮಂಡಿ ಗಾಳೀಲಿ ತೇಲೋ ಹಂಗೆ. ಅದು ನೋವಾಗತ್ತೆ, ಅದಕ್ಕೇ ಎಲ್ರೂ ತಪ್ಪಿಸ್ಕೊಳ್ಳೋದು. ಮಂಡಿ ಎಷ್ಟು ಮಡಚತ್ತೆ ಅಂತ ಎಲ್ರೂ ಕೇಳ್ತಾರೆ, 90 ಡಿಗ್ರಿ ಬಂತಾ 110 ಬಂತಾ ಅಂತ, ನೆಟ್ಟಗೆ ಆಗತ್ತಾ ಅಂತ ಮಾತ್ರ ಯಾರೂ ಕೇಳಲ್ಲ.

ನಡೆಯೋದು, ಮೆಟ್ಟಿಲು

ಮೊದ್ಲು ವಾಕರ್ ಒಂದು ಹೆಜ್ಜೆ ಮುಂದೆ, ಆಮೇಲೆ ಆಪರೇಶನ್ ಆದ ಕಾಲು, ಆಮೇಲೆ ಚೆನ್ನಾಗಿರೋ ಕಾಲು. ವಾಕರ್ ತುಂಬಾ ದೂರ ಇಟ್ಟು ಅದ್ರ ಹಿಂದೆ ಬಗ್ಗಿ ಓಡೋದಲ್ಲ, ಅದರ ಚೌಕಟ್ಟಿನ ಒಳಗೇ ಇರ್ಬೇಕು. ತಿರುಗೋವಾಗ ಕಾಲು ನೆಲಕ್ಕೆ ಊರಿ ಮೈ ಮಾತ್ರ ಗಿರಕಿ ಹೊಡೆಸ್ಬೇಡಿ, ಸಣ್ಣ ಸಣ್ಣ ಹೆಜ್ಜೆಲಿ ತಿರುಗಿ. ಒಂದೇ ಸಲ ಅರ್ಧ ಗಂಟೆ ನಡೆದು ಸಾಯಂಕಾಲ ಕಾಲು ಊದಿಸ್ಕೊಳ್ಳೋದಕ್ಕಿಂತ ಗಂಟೆಗೊಂದ್ಸಲ ಎದ್ದು ಹಾಲ್ ಒಂದು ಸುತ್ತು ಹಾಕೋದು ಒಳ್ಳೇದು. ಟೀವಿ ನೋಡೋರಿಗೆ ಸುಲಭದ ಲೆಕ್ಕ, ಸೀರಿಯಲ್ ಮಧ್ಯೆ ಜಾಹೀರಾತು ಬಂದ್ರೆ ಏಳೋದು.

ಮೆಟ್ಟಿಲಿಗೆ ಒಂದೇ ಸೂತ್ರ: ಹತ್ತೋವಾಗ ಒಳ್ಳೇ ಕಾಲು ಮೊದ್ಲು, ಇಳಿಯೋವಾಗ ಆಪರೇಶನ್ ಆದ ಕಾಲು ಮೊದ್ಲು. ಒಂದು ಮೆಟ್ಟಿಲ ಮೇಲೆ ಎರಡೂ ಕಾಲು ಬಂದ್ಮೇಲೇ ಮುಂದಿನ ಮೆಟ್ಟಿಲು. ಎರಡೂ ಮಂಡಿ ಒಟ್ಟಿಗೇ ಮಾಡಿಸ್ಕೊಂಡೋರಿಗೆ ಒಳ್ಳೇ ಕಾಲು ಅಂತ ಇರೋದೇ ಇಲ್ಲ, ಅವರಲ್ಲಿ ಯಾವುದು ಹೆಚ್ಚು ಬಲ ಇದ್ಯೋ ಅದನ್ನ ಒಳ್ಳೇದು ಅಂದ್ಕೊಳ್ಳೋದು. ಜೊತೆಗಿರೋರು ಹತ್ತೋವಾಗ ಹಿಂದೆ, ಇಳಿಯೋವಾಗ ಮುಂದೆ ಅಂದ್ರೆ ಯಾವಾಗ್ಲೂ ಕೆಳಗಿನ ಮೆಟ್ಟಿಲಲ್ಲೇ ಇರ್ಬೇಕು. ಮೇಲ್ಗಡೆ ಮನೆ ಇರೋರು ಮೊದಲೆರಡು ವಾರ ಕೆಳಗೇ ಒಂದು ಮಂಚ ಹಾಕ್ಕೊಂಡ್ರೆ ಚೆನ್ನ, ಅದಾಗಲ್ಲ ಅಂದ್ರೆ ಮೇಲೇ ಇದ್ದು ಹೊಲಿಗೆ ಬಿಚ್ಚಿಸೋಕೆ ಮಾತ್ರ ಇಳಿಯೋದು.

ವಾಕರ್ ಹಿಡಿದ್ರೆ ಎರಡೂ ಕೈ ಬ್ಯುಸಿ, ಇದು ಯಾರಿಗೂ ಮೊದ್ಲೇ ಹೊಳೆಯಲ್ಲ. ಮೊಬೈಲ್‌ಗೆ ಕುತ್ತಿಗೆಗೆ ಹಾಕೋ ಚೀಲ, ವಾಕರ್ ಮುಂದೆ ಒಂದು ಬಟ್ಟೆ ಬ್ಯಾಗ್ ಕಟ್ಟಿ ಅದ್ರಲ್ಲಿ ಕನ್ನಡಕ, ಮಾತ್ರೆ, ಮುಚ್ಚಳ ಗಟ್ಟಿ ಇರೋ ಸಣ್ಣ ಫ್ಲಾಸ್ಕು. ಭಾರ ಜಾಸ್ತಿ ತುಂಬಿದ್ರೆ ವಾಕರ್ ಮುಂದಕ್ಕೆ ಬಗ್ಗತ್ತೆ. ಮನೇಲಿ ಒಬ್ರೇ ಇರೋ ಹೊತ್ತಲ್ಲಿ ಬೆಲ್ ಆಯ್ತು ಅಂತ ಗಾಬರಿಯಿಂದ ಏಳೋದೇ ಬೀಳೋದಕ್ಕೆ ದಾರಿ, ಹಾಲಿನೋರಿಗೆ ಪೇಪರ್‌ನೋರಿಗೆ ಕೊರಿಯರ್‌ನೋರಿಗೆ ಬಾಗ್ಲ ಹತ್ರ ಒಂದು ಚೀಲ ತೂಗುಹಾಕಿ ಅದ್ರಲ್ಲಿ ಹಾಕಿ ಹೋಗೋಕೆ ಹೇಳಿ, ಒಂದು ಕೀಲಿ ನಂಬಿಕಸ್ಥ ಪಕ್ಕದ ಮನೇಲಿರ್ಲಿ. ಕರೆಂಟ್ ಹೋಗೋ ಊರಾದ್ರೆ ದಿಂಬಿನ ಪಕ್ಕ ಟಾರ್ಚು.

ಅಡುಗೆಮನೆಗೆ ಹೋಗ್ದೇ ಇರೋಕೆ ಆಗದ ಅಮ್ಮಂದಿರಿಗೆ ಬೇಡ ಅಂದ್ರೆ ಕೇಳಲ್ಲ, ಅದಕ್ಕೆ ಕೆಲ್ಸ ಟೇಬಲ್‌ಗೆ ತನ್ನಿ. ಹುರಳೀಕಾಯಿ ಸೋಸೋದು, ಸೊಪ್ಪು ಬಿಡಿಸೋದು, ಬೆಳ್ಳುಳ್ಳಿ ಸುಲಿಯೋದು ಎಲ್ಲಾ ಕುರ್ಚೀಲಿ ಕೂತು ಆಗತ್ತೆ. ಈಳಿಗೆ ಮಣೆ ಅಟ್ಟಕ್ಕೆ.

ವ್ಯಾಯಾಮ, ಮಾತ್ರೆ, ಐಸು

ಫಿಸಿಯೋ ಹೇಳೋದ್ರಲ್ಲಿ ನಾಲ್ಕು ಎಲ್ರಿಗೂ ಕಾಮನ್. ಪಾದನ ಮೇಲೆ ಕೆಳಗೆ ಪಂಪ್ ಥರ ಆಡಿಸೋದು, ಇದು ಎಚ್ಚರ ಇರೋವಾಗ್ಲೆಲ್ಲ ಮಾಡ್ತಾನೇ ಇರ್ಬೋದು, ಮೀನಖಂಡದಲ್ಲಿ ರಕ್ತ ನಿಲ್ಲದೇ ಇರೋಕೆ. ತೊಡೆ ಬಿಗಿ ಮಾಡಿ ಮಂಡಿನ ಹಾಸಿಗೆ ಕಡೆಗೆ ಒತ್ತಿ ಐದು ಎಣಿಸೋದು. ಹಿಮ್ಮಡಿನ ಹಾಸಿಗೆ ಮೇಲೆ ಜಾರಿಸ್ಕೊಂಡು ಮಂಡಿ ಮಡಚೋದು, ಬೆಡ್‌ಶೀಟ್ ಮೇಲೆ ಜಾರಲ್ಲ ಅಂದ್ರೆ ಹಿಮ್ಮಡಿ ಕೆಳಗೆ ಒಂದು ಪ್ಲಾಸ್ಟಿಕ್ ಕವರ್ ಇಡಿ, ಮುಗಿದ ತಕ್ಷಣ ತೆಗೆದಿಡಿ, ಅದನ್ನ ತುಳಿದು ಬಿದ್ರೆ ಕಥೆ ಬೇರೆ. ನಾಲ್ಕನೇದು ಕಾಲು ನೆಟ್ಟಗೆ ಇಟ್ಟು ಎತ್ತೋದು. ಎಷ್ಟು ಸಲ ಅನ್ನೋದು ನಿಮ್ಮ ಫಿಸಿಯೋ ಲೆಕ್ಕ, ಪಕ್ಕದ ಮನೆ ಆಂಟಿ ಲೆಕ್ಕ ಅಲ್ಲ.

ನೋವಿನ ಮಾತ್ರೆನ ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಬರೋ ಹಂಗೆ ಹೊಂದಿಸ್ಕೊಳ್ಳಿ. ಮಾತ್ರೆ ಜಾಸ್ತಿ ತಗೋಬಾರ್ದು ಅಂತ ನೋವು ತಡ್ಕೊಂಡು ಮಂಡಿ ಮಡಚದೇ ಕೂರೋ ಧೈರ್ಯಶಾಲಿಗಳಿಗೆ ಆಮೇಲೆ ಮಂಡಿ ಬಿಗಿದು ಇನ್ನೂ ಜಾಸ್ತಿ ನೋವು. ಅದೇ ಥರ ಬರೆದಿರೋ ಮಾತ್ರೆ ಮೇಲೆ ಜ್ವರ ಬಂತು ಅಂತ ಡೋಲೋ 650 ನುಂಗೋಕೆ ಮುಂಚೆ ಚೀಟಿ ನೋಡಿ, ನೋವಿಗೆ ಕೊಡೋ ಎಷ್ಟೋ ಮಾತ್ರೇಲಿ ಪ್ಯಾರಾಸಿಟಮಾಲ್ ಆಗ್ಲೇ ಸೇರಿರತ್ತೆ, ಡಬಲ್ ಆಗತ್ತೆ. ರಕ್ತ ತೆಳುವಾಗೋ ಮಾತ್ರೆ ಕೊಟ್ಟಿದ್ರೆ ಹೇಳಿದಷ್ಟು ದಿನ ಪೂರ್ತಿ ತಗೊಳ್ಳಿ, ಅದ್ರ ಜೊತೆ ಮೆಡಿಕಲ್ ಸ್ಟೋರಲ್ಲಿ ಕೇಳಿ ಬೇರೆ ನೋವಿನ ಮಾತ್ರೆ ತರೋದು ಬೇಡ, ಹೊಟ್ಟೇಲಿ ರಕ್ತಸ್ರಾವ ಆಗ್ಬೋದು. ಆಪರೇಶನ್‌ಗೆ ಅಂತ ನಿಲ್ಸಿದ್ದ ಹಳೇ ಮಾತ್ರೆಗಳನ್ನ ಯಾವತ್ತಿಂದ ಶುರು ಮಾಡ್ಬೇಕು ಅಂತ ಡಿಸ್ಚಾರ್ಜ್ ದಿನವೇ ಕೇಳಿ ಬರೆಸ್ಕೊಳ್ಳಿ.

ಐಸು 15-20 ನಿಮಿಷ, ಬಟ್ಟೆ ಸುತ್ತಿ, ದಿನಕ್ಕೆ ನಾಲ್ಕೈದು ಸಲ, ಡ್ರೆಸ್ಸಿಂಗ್ ಒದ್ದೆ ಆಗದ ಹಂಗೆ. ಬಿಸಿನೀರ ಶಾಖ ಈಗ ಬೇಡ. ಮೀನಖಂಡಕ್ಕೆ ಎಣ್ಣೆ ಹಚ್ಚಿ ನೀವೋದಂತೂ ಯಾರೇ ಹೇಳಿದ್ರೂ ಬೇಡ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಇದ್ರೆ ಅದು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ.

ಊಟ, ನಂಜು, ನೀರು

ಗಾಯ ಇದೆ, ಬದನೆಕಾಯಿ ನಂಜು, ಕಡ್ಲೇಕಾಯಿ ನಂಜು, ಮೊಟ್ಟೆ ನಂಜು, ಬೇಳೆ ವಾಯು ಅಂತ ಒಂದೊಂದೇ ತೆಗೆದು ಕೊನೆಗೆ ತಿಳಿಸಾರು ಅನ್ನಕ್ಕೆ ತಂದು ನಿಲ್ಲಿಸ್ತಾರೆ. ಗಾಯ ಮಾಯೋಕೆ, ತೊಡೆ ಬಲ ಬರೋಕೆ ಪ್ರೋಟೀನ್ ಬೇಕು, ಅದಿರೋದು ಇವರು ನಂಜು ಅಂತ ತೆಗೆದಿಟ್ಟಿದ್ರಲ್ಲೇ. ಡಾಕ್ಟ್ರು ಬೇಡ ಅನ್ನದೇ ಇದ್ರೆ ಮೊಟ್ಟೆ, ಮೊಸ್ರು, ಗಟ್ಟಿ ಬೇಳೆ, ಮೊಳಕೆ ಕಾಳಿನ ಪಲ್ಯ, ತಿನ್ನೋರಿಗೆ ಮೀನು ಎಲ್ಲಾ ಕೊಡಿ. ಅತ್ತೆಗೆ ಎದುರು ಮಾತಾಡೋಕೆ ಆಗದ ಸೊಸೆಯಂದಿರು ಡಾಕ್ಟ್ರ ಬಾಯಲ್ಲೇ ಹೇಳಿಸಿ, ಡಾಕ್ಟ್ರು ಹೇಳಿದ್ರೆ ನಂಜು ಇರಲ್ಲ. ಶುಗರ್ ಇರೋರು ಬರೋ ಹೋಗೋರು ತರೋ ಬಿಸ್ಕತ್ತು, ಹಾರ್ಲಿಕ್ಸು, ಸ್ವೀಟಿಗೆ ಕೈ ಹಾಕ್ಬೇಡಿ, ಶುಗರ್ ಏರಿದ್ರೆ ಗಾಯ ಮಾಯಲ್ಲ, ಇನ್‌ಫೆಕ್ಷನ್ ಆಗೋದೂ ಜಾಸ್ತಿ.

ಇನ್ನೊಂದು, ಪದೇ ಪದೇ ಟಾಯ್ಲೆಟ್‌ಗೆ ಏಳ್ಬೇಕಾಗತ್ತೆ ಅಂತ ಎಷ್ಟೋ ಹೆಂಗಸರು ನೀರೇ ಕುಡಿಯಲ್ಲ, ಯಾರಿಗೂ ಹೇಳೋದೂ ಇಲ್ಲ. ಮೊದ್ಲೇ ನೋವಿನ ಮಾತ್ರೆಗೆ ಮೋಷನ್ ಗಟ್ಟಿಯಾಗತ್ತೆ, ನೀರೂ ಇಲ್ದಿದ್ರೆ ಮೂರು ದಿನಕ್ಕೆ ಹೊಟ್ಟೆ ಕಲ್ಲು, ಉರಿಮೂತ್ರ ಬೇರೆ. ಬಾಟ್ಲು ಲೆಕ್ಕ ಇಟ್ಟು ಕುಡಿಸಿ, ಪಪಾಯ, ಬಾಳೆಹಣ್ಣು, ಸೊಪ್ಪು ಜಾಸ್ತಿ ಮಾಡಿ, ಆಗ್ಲೂ ಆಗ್ದಿದ್ರೆ ಡಾಕ್ಟ್ರಿಗೆ ಹೇಳಿ ಮಾತ್ರೆನೋ ಸಿರಪ್ಪೋ ಬರೆಸ್ಕೊಳ್ಳಿ, ನಾಚ್ಕೊಳ್ಳೋ ವಿಷ್ಯ ಅಲ್ಲ.

ನೆಂಟರು

ಬರ್ತಾರೆ. ಮಂಚದ ಅಂಚಲ್ಲಿ ಆಪರೇಶನ್ ಆದ ಕಾಲಿನ ಪಕ್ಕನೇ ದಪ್ ಅಂತ ಕೂರ್ತಾರೆ, ನಮ್ಮ ಭಾವಮೈದನಿಗೆ ಮಾಡಿಸಿ ವರ್ಷ ಆಯ್ತು ಇನ್ನೂ ನೋವು ಅಂತಾರೆ, ನಾಟಿ ಎಣ್ಣೆ ನಂಬರ್ ಕೊಡ್ತಾರೆ. ಮಂಚದ ಪಕ್ಕ ಎರಡೇ ಕುರ್ಚಿ ಹಾಕಿ, ವ್ಯಾಯಾಮದ ಟೈಮಲ್ಲಿ ಬಂದ್ರೆ ಅವರೆದುರಿಗೇ ವ್ಯಾಯಾಮ ಮಾಡ್ಸಿ, ಬೇಗ ಎದ್ದು ಹೋಗ್ತಾರೆ. ಆದ್ರೆ ಪೂರ್ತಿ ಬರೋದೇ ಬೇಡ ಅನ್ಬೇಡಿ. ಮೊದಲ ವಾರಗಳಲ್ಲಿ ರಾತ್ರಿ ನಿದ್ದೆ ಬರಲ್ಲ, ಯಾಕಾದ್ರೂ ಮಾಡಿಸ್ಕೊಂಡ್ನೋ ಅಂತ ಅಳು ಬರತ್ತೆ, ಎಲ್ರಿಗೂ ಭಾರ ಆದೆ ಅನ್ಸತ್ತೆ, ಇದು ತುಂಬಾ ಜನಕ್ಕೆ ಆಗೋದೇ. ಇಷ್ಟದ ಗೆಳತಿ ಒಬ್ರು ಬಂದು ಅರ್ಧ ಗಂಟೆ ಹರಟೆ ಹೊಡೆದ್ರೆ ಆವತ್ತು ಕಾಲು ಇನ್ನಷ್ಟು ಮಡಚಿರತ್ತೆ. ನೋಡ್ಕೊಳ್ಳೋರಿಗೂ ರಜಾ ಬೇಕು, ರಾತ್ರಿ ಪಾಳಿ ಮನೆಯೋರಲ್ಲೇ ಹಂಚ್ಕೊಳ್ಳಿ, ಒಬ್ಬಳೇ ಮಗಳು ಒಬ್ಬಳೇ ಸೊಸೆ ಅಂತ ಒಬ್ಬರ ಮೇಲೇ ಹಾಕ್ಬೇಡಿ.

ಯಾವಾಗ ಗಾಬರಿ ಆಗ್ಬೇಕು, ಯಾವಾಗ ಬೇಡ

ಮಂಡಿ ಮುಟ್ಟಿದ್ರೆ ಬೆಚ್ಚಗಿರೋದು, ಸಾಯಂಕಾಲ ಊದೋದು, ತೊಡೆ ಕಾಲೆಲ್ಲ ನೀಲಿ ಹಸಿರು ಆಗೋದು, ಹೊಲಿಗೆ ಪಕ್ಕದಲ್ಲಿ ಜೋಮು, ಒಳಗೆ ಟಕ್ ಟಕ್ ಸದ್ದು ಇವೆಲ್ಲ ಸಾಮಾನ್ಯ. ಊತ ಅಂತೂ ತಿಂಗಳುಗಟ್ಲೆ ಇರತ್ತೆ.

ಗಾಯದಿಂದ ಕೀವು, ನೀರು ಸೋರೋದು, ಕೆಂಪು ಹರಡ್ತಾ ಹೋಗೋದು, 101 ದಾಟಿದ ಜ್ವರ ಅದೂ ಚಳಿ ಜೊತೆ, ಕಮ್ಮಿ ಆಗ್ತಿದ್ದ ನೋವು ಇದ್ದಕ್ಕಿದ್ದಂಗೆ ಏರೋದು, ಬಿದ್ದಿದ್ದು, ಕಾಲು ಊರೋಕೇ ಆಗದೇ ಇರೋದು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ಮೋಷನ್ ಕಪ್ಪಗೆ ಹೋಗೋದು, ಇದ್ರಲ್ಲಿ ಯಾವುದಾದ್ರೂ ಒಂದು ಆದ್ರೂ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಮೀನಖಂಡ ಹಿಂಡೋ ಥರ ನೋವು ಬಂದು ಒಂದೇ ಕಾಲು ಬಿಗಿಯಾಗಿ ಊದಿದ್ರೆ ಅವತ್ತಲ್ಲ, ಆಗ್ಲೇ ಹೋಗ್ಬೇಕು. ಇದ್ದಕ್ಕಿದ್ದಂಗೆ ಉಸಿರು ಕಟ್ಟೋದು, ಎದೆ ನೋವು ಬಂದ್ರೆ ಕಾರ್ ಹುಡುಕ್ತಾ ನಿಲ್ದೇ 108ಕ್ಕೆ ಫೋನ್ ಮಾಡಿ. ಬಿದ್ದಾಗ ತಕ್ಷಣ ಎತ್ತೋಕೆ ಹೋಗ್ಬೇಡಿ, ಎಲ್ಲಿ ನೋವು, ಕಾಲು ತಿರುಚಿದ್ಯಾ ಅಂತ ನೋಡಿ ಆಮೇಲೆ.

ಚೆಕಪ್‌ಗೆ ಹೋಗೋವಾಗ ಆಟೋಗಿಂತ ಕಾರಿನ ಮುಂದಿನ ಸೀಟು ವಾಸಿ, ಸೀಟ್ ಪೂರ್ತಿ ಹಿಂದಕ್ಕೆ ಸರಿಸಿ, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಸಿ, ಮೊದ್ಲು ಹಿಂದೆ ತಿರುಗಿ ಕುಂಡೆ ಇಟ್ಟು ಕೂತು ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸೋದು, ಕವರ್ ಇದ್ರೆ ಸಲೀಸಾಗಿ ಜಾರತ್ತೆ. ಸೀಟಲ್ಲಿ ಸರಿಯಾಗಿ ಕೂತ ಮೇಲೆ ಕವರ್ ಎಳೆದು ತೆಗೀರಿ, ಇಲ್ಲ ಅಂದ್ರೆ ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರತ್ತೆ.

ವಾಕರ್ ಬಿಟ್ಟು ಕೋಲಿಗೆ ಬರೋದು ಫಿಸಿಯೋ ಹೇಳಿದ್ಮೇಲೆ. ಕೋಲು ಆಪರೇಶನ್ ಆದ ಕಡೆ ಅಲ್ಲ, ಅದರ ಎದುರು ಕೈಯಲ್ಲಿ, ಬಲ ಮಂಡಿ ಆದ್ರೆ ಎಡಗೈ. ಇದನ್ನ ಹೇಳಿದ್ರೆ ಯಾರೂ ನಂಬಲ್ಲ, ನಡೆದು ನೋಡಿದ್ರೆ ಗೊತ್ತಾಗತ್ತೆ. ಚಕ್ಕಂಬಕ್ಕಳ ಹಾಕಿ ನೆಲದ ಮೇಲೆ ಕೂರೋದು, ಪೂಜೆಗೆ ಮಂಡಿ ಊರೋದು ಇದೆಲ್ಲ ಇನ್ನು ಡಾಕ್ಟ್ರು ಹೇಳಿದ್ರೆ ಮಾತ್ರ, ಮದುವೆ ಮನೇಲಿ ಟೇಬಲ್ ಪಂಕ್ತೀಲೇ ಕೂತ್ಕೊಳ್ಳಿ. ವಿಮಾನ ನಿಲ್ದಾಣದಲ್ಲಿ, ನಮ್ಮ ಮೆಟ್ರೋ ಗೇಟಲ್ಲಿ ಮೆಟಲ್ ಡಿಟೆಕ್ಟರ್ ಕೂಗ್ಬೋದು, ಮಂಡಿ ಆಪರೇಶನ್ ಆಗಿದೆ ಅಂತ ಮೊದ್ಲೇ ಹೇಳಿದ್ರೆ ಕೈ ಮೆಶಿನ್‌ನಲ್ಲಿ ನೋಡಿ ಬಿಡ್ತಾರೆ. ಹಲ್ಲು ಕೀಳಿಸೋಕೆ ಹೋಗೋದಿದ್ರೆ ಮಂಡೀಲಿ ಇಂಪ್ಲಾಂಟ್ (ಕೃತಕ ಕೀಲು) ಇದೆ ಅಂತ ಹಲ್ಲಿನ ಡಾಕ್ಟ್ರಿಗೂ ಹೇಳಿ, ಮಂಡಿ ಡಾಕ್ಟ್ರನ್ನೂ ಒಂದ್ಮಾತು ಕೇಳಿ.